ದಾಯಾದಿ ಮತ್ಸರ: ಪವಿತ್ರ ಗ್ರಂಥದ ಮನೆಗಳಲ್ಲಿ ಮತ್ತು ನಮ್ಮ ಗಂಗವಾಡಿಯಲ್ಲಿ

“ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು” ಎಂಬ ಗಾದೆಯನ್ನು ನಮ್ಮ ಸಾಸಲಿನ ಸೀಮೆಯಲ್ಲಿ ಕೇಳದವರಿಲ್ಲ. ಇದನ್ನು ಕಟ್ಟಿದವರು ಪಂಡಿತರಲ್ಲ. ಹೊಲದ ಬದುವಿಗಾಗಿ, ಬಾವಿಯ ನೀರಿನ ಸರದಿಗಾಗಿ, ಹಿತ್ತಲಿನ ಒಂದು ಹುಣಸೆಮರಕ್ಕಾಗಿ ಒಂದೇ ತಾಯಿಯ ಮಕ್ಕಳು ಮಾತು ಬಿಟ್ಟುದನ್ನು ಕಣ್ಣಾರೆ ಕಂಡ ಒಕ್ಕಲುಮಕ್ಕಳು ಇದನ್ನು ಕಟ್ಟಿದರು. ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ದೇವಾಲಯವನ್ನು ಕಟ್ಟಿದ ಕಥೆ, ಸೇವೆ ಸಲ್ಲಿಸಿದ ಗುರುಗಳ ಸ್ಮರಣೆ, ದಾನಿಗಳ ಪಟ್ಟಿ ಇವೆಲ್ಲವೂ ಇರತಕ್ಕವೇ. ಆದರೆ ನೂರು ವರ್ಷಗಳ ಕಾಲ ದೇವಾಲಯದ ಬಾಗಿಲನ್ನು ದಾಟಿ ಒಳಗೆ ಬಂದವರು ಒಬ್ಬೊಬ್ಬರಾಗಿ ಬಂದವರಲ್ಲ, ಮನೆಮನೆಯಾಗಿ ಬಂದವರು. ಬರವೂ ರೋಗವೂ ಒಡೆಯಲಾರದ ಎಷ್ಟೋ ಮನೆಗಳನ್ನು ಮತ್ಸರವು ಒಡೆದುದುಂಟು. ಆದುದರಿಂದ ಈ ಪುಟಗಳಲ್ಲಿ ಕಲ್ಲುಗಾರೆಯ ಚರಿತ್ರೆಯ ಜೊತೆಗೆ ಮನೆಗಳ ಚರಿತ್ರೆಯನ್ನೂ ಸ್ವಲ್ಪ ನೆನೆಯುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಇದಕ್ಕೆ ನಮಗೆ ಎರಡು ಆಧಾರಗಳಿವೆ. ಒಂದು, ಇಸ್ರಯೇಲ ಜನರು ನಮಗೆ ಕೊಟ್ಟುಹೋದ ಹಳೆಯ ಒಡಂಬಡಿಕೆ. ಇನ್ನೊಂದು, ನಮ್ಮ ಕಾಲಕೆಳಗಿನ ಮಣ್ಣಿನಲ್ಲಿಯೇ ದೊರೆತಿರುವ ತಾಮ್ರಶಾಸನಗಳು ಮತ್ತು ಕಲ್ಬರಹಗಳು. ಸಾಸಲು ಇಂದು ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹೋಬಳಿ. ಸಾವಿರದ ಇನ್ನೂರು ವರ್ಷಗಳ ಹಿಂದೆ ಈ ಪ್ರದೇಶವೆಲ್ಲ ಗಂಗವಾಡಿ ತೊಂಬತ್ತಾರುಸಾವಿರ ಎಂಬ ದೊಡ್ಡ ನಾಡಿಗೆ ಸೇರಿತ್ತು. ಈ ಎರಡು ಆಧಾರಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದರೆ, ಮತ್ಸರವು ಎಲ್ಲಿಂದ ಹುಟ್ಟುತ್ತದೆ, ಹೇಗೆ ಮನೆಯನ್ನು ಸುಡುತ್ತದೆ, ಕೊನೆಗೆ ಯಾರ ಕೈಯಿಂದ ಆರುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ

ಆದಿಕಾಂಡವು ಸೃಷ್ಟಿಯ ಕಥೆಯಿಂದ ಆರಂಭವಾಗುತ್ತದೆ. ಆದರೆ ಅದರ ಬಹುಭಾಗ ಸೃಷ್ಟಿಯ ಕಥೆಯಲ್ಲ, ಸಂಸಾರಗಳ ಕಥೆ. ನಾಲ್ಕನೆಯ ಅಧ್ಯಾಯದಲ್ಲಿಯೇ ಅಣ್ಣನು ತಮ್ಮನನ್ನು ಹೊಲಕ್ಕೆ ಕರೆದೊಯ್ದು ಕೊಲ್ಲುತ್ತಾನೆ. ಕಾಯಿನನು ಬೇಸಾಯಗಾರ, ಹೇಬೆಲನು ಕುರಿಗಾಹಿ. ತಮ್ಮನ ಕಾಣಿಕೆ ಸ್ವೀಕೃತವಾಯಿತು, ತನ್ನದು ಆಗಲಿಲ್ಲ ಎಂಬುದೇ ಕಾಯಿನನ ಸಂಕಟ. ಕೊಲೆಗೆ ಮುಂಚೆ ದೇವರು ಅವನೊಡನೆ ಮಾತನಾಡಿ, ಪಾಪವು ಬಾಗಿಲಲ್ಲಿ ಹೊಂಚುಹಾಕಿದೆ, ಅದನ್ನು ಅಡಗಿಸುವುದು ನಿನ್ನ ಕೈಯಲ್ಲಿದೆ ಎಂದು ಎಚ್ಚರಿಸಿದುದನ್ನು ವಾಚಕರು ಗಮನಿಸಬೇಕು. ಮತ್ಸರ ಹುಟ್ಟಿದುದು ಅಪರಾಧವೆಂದು ಅಲ್ಲಿ ಹೇಳಿಲ್ಲ. ಹುಟ್ಟಿದ ಮತ್ಸರಕ್ಕೆ ಬಾಗಿಲು ತೆರೆದುದೇ ಅಪರಾಧ.

ಅಲ್ಲಿಂದ ಮುಂದೆ ಪಿತಾಮಹರ ಮನೆಗಳು. ಅಬ್ರಹಾಮನ ಮನೆಯಲ್ಲಿ ಸಾರಳಿಗೂ ದಾಸಿಯಾದ ಹಾಗಾರಳಿಗೂ ವೈರ. ಅದರ ಫಲವಾಗಿ ಇಷ್ಮಾಯೇಲನು ತಾಯಿಯೊಡನೆ ಮರುಭೂಮಿಗೆ ನಡೆದ. ಇಸಾಕನ ಮನೆಯಲ್ಲಿ ಅವಳಿಮಕ್ಕಳು ಗರ್ಭದಲ್ಲಿಯೇ ಸೆಣಸಿದರು. ಬೇಟೆಯ ಮಾಂಸದ ರುಚಿಗೆ ಮನಸೋತ ತಂದೆ ಏಸಾವನನ್ನು ಪ್ರೀತಿಸಿದ; ತಾಯಿ ರೆಬೆಕ್ಕಳು ಯಕೋಬನನ್ನು ಪ್ರೀತಿಸಿದಳು. ಮತ್ಸರದ ಮೂಲ ಮಕ್ಕಳಲ್ಲಿಲ್ಲ, ಹೆತ್ತವರಲ್ಲಿದೆ ಎಂಬುದನ್ನು ಗ್ರಂಥಕರ್ತನು ಎರಡೇ ವಾಕ್ಯಗಳಲ್ಲಿ ಸೂಚಿಸಿ ಸುಮ್ಮನಾಗುತ್ತಾನೆ. ನಮ್ಮ ಹಿರಿಯರು “ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ” ಎನ್ನುತ್ತಿದ್ದುದು ಇದನ್ನೇ.

ಮುಂದಿನ ಕಥೆ ಎಲ್ಲರಿಗೂ ತಿಳಿದಿದೆ. ಕಣ್ಣು ಮಂಜಾದ ಮುದುಕ ತಂದೆಯ ಮುಂದೆ ಯಕೋಬನು ಅಣ್ಣನ ಉಡುಪನ್ನು ತೊಟ್ಟು, ಕೈಗೂ ಕೊರಳಿಗೂ ಆಡುಮರಿಯ ಚರ್ಮವನ್ನು ಸುತ್ತಿಕೊಂಡು ನಿಂತು ಹಿರಿಯನ ಆಶೀರ್ವಾದವನ್ನು ಪಡೆದ. ಅಣ್ಣನ ಕೋಪಕ್ಕೆ ಹೆದರಿ ಸೋದರಮಾವನ ಊರಿಗೆ ಓಡಿಹೋದ. ಅಲ್ಲಿ ಆದುದೇನು? ರಾಖೇಲಳಿಗಾಗಿ ಏಳು ವರ್ಷ ದುಡಿದವನಿಗೆ ಕತ್ತಲಲ್ಲಿ ಅಕ್ಕ ಲೇಯಾಳನ್ನು ಮದುವೆ ಮಾಡಿಕೊಟ್ಟರು. ಹಿರಿಯಳಿರುವಾಗ ಕಿರಿಯಳನ್ನು ಕೊಡುವುದು ನಮ್ಮಲ್ಲಿ ವಾಡಿಕೆಯಲ್ಲ ಎಂದು ಲಾಬಾನನು ಸಮಾಧಾನ ಹೇಳಿದ. ಹಿರಿಯನನ್ನು ಹಿಂದಿಕ್ಕಿ ಬಂದವನಿಗೆ ಇದಕ್ಕಿಂತ ತಕ್ಕ ಉತ್ತರ ಬೇರೆ ಇರಲಾರದು. ಅಕ್ಕತಂಗಿಯರು ಸವತಿಯರಾದರು, ಸವತಿ ಮತ್ಸರದ ನಡುವೆ ಹನ್ನೆರಡು ಗಂಡುಮಕ್ಕಳು ಹುಟ್ಟಿದರು.

ಹೀಗೆ ಪೆಟ್ಟು ತಿಂದವನು ಪಾಠ ಕಲಿತನೇ ಎಂದರೆ, ಇಲ್ಲ. ಯಕೋಬನು ರಾಖೇಲಳ ಮಗ ಜೋಸೆಫನಿಗೆ ಮಾತ್ರ ವಿಶೇಷವಾದ ನಿಲುವಂಗಿಯನ್ನು ಹೊಲಿಸಿ ತೊಡಿಸಿದ. ಹದಿನೇಳು ವರ್ಷದ ಆ ಹುಡುಗನನ್ನು ಅಣ್ಣಂದಿರು ಮೊದಲು ನೀರಿಲ್ಲದ ಗುಂಡಿಗೆ ತಳ್ಳಿ, ಅನಂತರ ಇಪ್ಪತ್ತು ಬೆಳ್ಳಿ ನಾಣ್ಯಗಳಿಗೆ ಮಾರಿದರು. ಅದೇ ನಿಲುವಂಗಿಯನ್ನು ಆಡಿನ ರಕ್ತದಲ್ಲಿ ಅದ್ದಿ ತಂದೆಗೆ ಕಳುಹಿಸಿದರು. ಒಂದು ಕಾಲಕ್ಕೆ ಆಡಿನ ಚರ್ಮದಿಂದಲೂ ಅಣ್ಣನ ಬಟ್ಟೆಯಿಂದಲೂ ತಂದೆಯನ್ನು ವಂಚಿಸಿದವನು ಈಗ ಆಡಿನ ರಕ್ತದಿಂದಲೂ ಮಗನ ಬಟ್ಟೆಯಿಂದಲೂ ವಂಚಿತನಾದ. ತಂದೆತಾಯಂದಿರು ಮಾಡಿದ ಭೇದವು ಹೊಲಮನೆಗಳಂತೆಯೇ ಮಕ್ಕಳಿಗೆ ಪಿತ್ರಾರ್ಜಿತವಾಗಿ ಇಳಿಯುತ್ತದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಿದ ಕಥೆಯನ್ನು ನಾವು ಅರಿಯೆವು.

ಇಸ್ರಯೇಲರು ಈ ನೋವನ್ನು ಕೇವಲ ಕಥೆಯಾಗಿ ಉಳಿಸಲಿಲ್ಲ, ಕಾನೂನನ್ನಾಗಿಯೂ ಮಾಡಿದರು. ಧರ್ಮೋಪದೇಶಕಾಂಡದ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಒಂದು ವಿಧಿಯಿದೆ. ಒಬ್ಬನಿಗೆ ಇಬ್ಬರು ಹೆಂಡಿರಿದ್ದು, ಒಬ್ಬಳು ಪ್ರಿಯಳೂ ಇನ್ನೊಬ್ಬಳು ಅಪ್ರಿಯಳೂ ಆಗಿದ್ದು, ಅಪ್ರಿಯಳಾದವಳ ಮಗನೇ ಚೊಚ್ಚಲಾಗಿದ್ದರೆ, ಪ್ರಿಯಳ ಮಗನಿಗೆ ಚೊಚ್ಚಲಿನ ಹಕ್ಕನ್ನು ಕೊಡಕೂಡದು. ಹಿರಿಯನಿಗೆ ಸಲ್ಲಬೇಕಾದ ಎರಡು ಪಾಲು ಅವನಿಗೇ ಸಲ್ಲಬೇಕು ಎಂಬುದು ಆ ವಿಧಿ. ಲೇಯಾ ಮತ್ತು ರಾಖೇಲಳ ಮನೆಯನ್ನು ಬಲ್ಲವರಿಗೆ ಈ ವಿಧಿ ಯಾವ ಗಾಯದ ಮೇಲೆ ಕಟ್ಟಿದ ಪಟ್ಟಿಯೆಂದು ಹೇಳಬೇಕಾಗಿಲ್ಲ.

ಗಂಗವಾಡಿಯ ಅಣ್ಣತಮ್ಮಂದಿರು

ಈಗ ನಮ್ಮ ನಾಡಿನ ಕಡೆಗೆ ತಿರುಗೋಣ. ಎಂಟನೆಯ ಶತಮಾನದ ಉತ್ತರಾರ್ಧದಲ್ಲಿ ಕರ್ನಾಟಕದ ಬಹುಭಾಗ ರಾಷ್ಟ್ರಕೂಟರ ಆಳಿಕೆಗೆ ಒಳಪಟ್ಟಿತ್ತು. ಇಲ್ಲಿ ಗಂಗವಾಡಿಯಲ್ಲಿ ಗಂಗರು ಆಳುತ್ತಿದ್ದರು. ನಮ್ಮ ಮೂಡಣ ದಿಕ್ಕಿನ ನಂದಿಬೆಟ್ಟವನ್ನು ತಮ್ಮ ಬಿರುದಿನಲ್ಲಿ ಧರಿಸಿ ‘ನಂದಗಿರಿನಾಥ’ರೆಂದು ಕರೆಯಿಸಿಕೊಂಡವರು ಇವರೇ. ನೆರೆಯ ನೆಲಮಂಗಲ ತಾಲ್ಲೂಕಿನ ಮಣ್ಣೆ ಇಂದು ಒಂದು ಸಾಮಾನ್ಯ ಹಳ್ಳಿ. ಅಂದು ಅದು ಮಾನ್ಯಪುರವೆಂಬ ಹೆಸರಿನ ರಾಜನಿವಾಸವಾಗಿತ್ತು.

ರಾಷ್ಟ್ರಕೂಟರ ಮನೆಯಲ್ಲಿ ಇಮ್ಮಡಿ ಗೋವಿಂದನು ಅಣ್ಣ, ಧ್ರುವನು ತಮ್ಮ. ಸುಮಾರು ಕ್ರಿ.ಶ. 780ರ ವೇಳೆಗೆ ಧ್ರುವನು ಅಣ್ಣನನ್ನು ಕೆಳಗಿಳಿಸಿ ತಾನೇ ಸಿಂಹಾಸನವನ್ನೇರಿದ. ಅಣ್ಣನ ಪಕ್ಷವನ್ನು ವಹಿಸಿದ್ದ ನಮ್ಮ ಗಂಗರ ದೊರೆ ಇಮ್ಮಡಿ ಶಿವಮಾರನನ್ನು ಸೆರೆಹಿಡಿದು ಗಂಗವಾಡಿಯನ್ನು ವಶಪಡಿಸಿಕೊಂಡ. ಅದನ್ನು ಆಳಲು ತನ್ನ ಹಿರಿಯ ಮಗ ಸ್ತಂಭನನ್ನು ಕಳುಹಿಸಿದ. ಕನ್ನಡದಲ್ಲಿ ಇವನು ಕಂಬ. ‘ರಣಾವಲೋಕ’ ಎಂಬುದು ಇವನ ಬಿರುದು.

ಅಣ್ಣನನ್ನು ಹಿಂದಿಕ್ಕಿ ಬಂದ ಧ್ರುವನು ತನ್ನ ಮಕ್ಕಳ ವಿಷಯದಲ್ಲಿ ಏನು ಮಾಡಿದನೆಂಬುದನ್ನು ಕೇಳಿದರೆ ಯಕೋಬನ ನೆನಪಾಗದೆ ಇರದು. ಹಿರಿಯನಾದ ಕಂಬನನ್ನು ಬಿಟ್ಟು ಕಿರಿಯನಾದ ಗೋವಿಂದನನ್ನು ತನ್ನ ಉತ್ತರಾಧಿಕಾರಿಯೆಂದು ಆರಿಸಿದ. ಗೋವಿಂದನು ಸಮರ್ಥನೆಂಬುದರಲ್ಲಿ ಸಂದೇಹವಿಲ್ಲ. ಇತಿಹಾಸವು ಮುಮ್ಮಡಿ ಗೋವಿಂದನನ್ನು ರಾಷ್ಟ್ರಕೂಟರಲ್ಲಿ ಅತಿಶಯ ಪರಾಕ್ರಮಿಯೆಂದೇ ಎಣಿಸುತ್ತದೆ. ಆದರೆ ಸಾಮರ್ಥ್ಯದ ತಕ್ಕಡಿ ಬೇರೆ, ಹಿರಿಯ ಮಗನ ಎದೆಯ ತಕ್ಕಡಿ ಬೇರೆ. 793ರಲ್ಲಿ ಧ್ರುವನು ತೀರಿಕೊಂಡ ಮೇಲೆ ಕಂಬನು ದಂಗೆಯೆದ್ದ. ಹನ್ನೆರಡು ಮಂದಿ ಅರಸರು ಅವನ ಬೆನ್ನಿಗೆ ನಿಂತರೆಂದು ಗೋವಿಂದನ ಕಾಲದ ತಾಮ್ರಶಾಸನಗಳು ಹೇಳುತ್ತವೆ. ಗೋವಿಂದನು ಸೆರೆಯಿಂದ ಬಿಡಿಸಿದ್ದ ಶಿವಮಾರನೂ ಕೃತಜ್ಞತೆಯನ್ನು ಮರೆತು ಕಂಬನ ಕಡೆಗೇ ಸೇರಿದ. ಯುದ್ಧವಾಯಿತು, ಕಂಬನು ಸೋತ.

ಇಲ್ಲಿಯವರೆಗೆ ಇದು ಲೋಕದ ಎಲ್ಲ ಅರಮನೆಗಳ ಕಥೆ. ಸೋತ ಅಣ್ಣನಿಗೆ ಆ ಕಾಲದಲ್ಲಿ ಸಾಮಾನ್ಯವಾಗಿ ಮೀಸಲಾಗಿದ್ದುದು ಕತ್ತಿ ಅಥವಾ ಕತ್ತಲೆಕೋಣೆ. ಶಿವಮಾರನಿಗೆ ಮತ್ತೆ ಸೆರೆಯೇ ಗತಿಯಾಯಿತು. ಆದರೆ ಗೋವಿಂದನು ತನ್ನ ಅಣ್ಣನನ್ನು ಕ್ಷಮಿಸಿದ. ಬರಿಯ ಬಾಯಿಮಾತಿನಲ್ಲಿ ಕ್ಷಮಿಸಿ ಒಂದು ಮೂಲೆಯಲ್ಲಿ ಕೂರಿಸಲಿಲ್ಲ. ಯಾವ ನಾಡಿನಲ್ಲಿ ನಿಂತು ಅವನು ದಂಗೆಯೆದ್ದನೋ ಅದೇ ಗಂಗವಾಡಿಯನ್ನು ಮತ್ತೆ ಅವನ ಕೈಗೆ ಕೊಟ್ಟ. ಇದು ಕೇವಲ ಹೊಗಳುಭಟ್ಟರ ಮಾತಲ್ಲವೆಂಬುದಕ್ಕೆ ಸಾಕ್ಷಿ ನಮ್ಮ ನೆರೆಯಲ್ಲಿಯೇ ಇದೆ. ಮಣ್ಣೆಯಲ್ಲಿ ದೊರೆತ ಕ್ರಿ.ಶ. 802ರ ತಾಮ್ರಶಾಸನವು ಮಾನ್ಯಪುರದ ಜಿನಾಲಯಕ್ಕೆ ಬಿಟ್ಟ ದತ್ತಿಯನ್ನು ಕುರಿತದ್ದು. ಅದರಲ್ಲಿ ಗೋವಿಂದನ ಪ್ರಭುತ್ವವೂ ಕಂಬನ ಹೆಸರೂ ಒಟ್ಟಿಗೆ ಬರುತ್ತವೆ. 807ರಲ್ಲಿಯೂ ಕಂಬನು ಈ ನಾಡನ್ನು ಆಳುತ್ತ ದಾನ ಕೊಟ್ಟನೆಂಬುದನ್ನು ಚಾಮರಾಜನಗರದ ತಾಮ್ರಪಟಗಳು ತಿಳಿಸುತ್ತವೆ. ಅಂದರೆ ಕ್ಷಮೆ ಒಂದು ದಿನದ ಮಾತಾಗಿರಲಿಲ್ಲ. ಹತ್ತು ವರ್ಷಗಳಿಗೂ ಮೇಲ್ಪಟ್ಟು ಅದು ನಡೆಯಿತು. ಮಣ್ಣೆಯ ಕಪಿಲೇಶ್ವರ ದೇವಾಲಯದ ಕಲ್ಲುಗಳನ್ನು ನೋಡಲು ಹೋಗುವವರು, ಸೋತ ಅಣ್ಣನೊಬ್ಬನು ಗೆದ್ದ ತಮ್ಮನ ಹೆಸರನ್ನು ತನ್ನ ಶಾಸನದಲ್ಲಿ ಕೆತ್ತಿಸಿದ ಊರು ಇದೆಂಬುದನ್ನೂ ನೆನೆಯಬಹುದು.

ಗಂಗರ ಮನೆಯ ಎರಡು ಮುಖಗಳು

ಸೆರೆಯಲ್ಲಿದ್ದ ಶಿವಮಾರನ ಮನೆಯಲ್ಲಿ ಇನ್ನೊಂದು ಕಥೆ ನಡೆಯಿತು. ಶಿವಮಾರನು ವಿದ್ವಾಂಸ, ಆನೆಗಳನ್ನು ಕುರಿತು ಗ್ರಂಥ ರಚಿಸಿದನೆಂಬ ಖ್ಯಾತಿ ಅವನಿಗಿದೆ. ಅವನಿಗೆ ವಿಜಯಾದಿತ್ಯನೆಂಬ ತಮ್ಮನಿದ್ದ. ಅಣ್ಣನು ಶತ್ರುವಿನ ಸೆರೆಯಲ್ಲಿರುವಾಗ ತಮ್ಮನು ಸಿಂಹಾಸನಕ್ಕೆ ಕೈಚಾಚುವುದು ಎಷ್ಟು ಸುಲಭ! ಆದರೆ ಗಂಗರ ಶಾಸನಗಳು ವಿಜಯಾದಿತ್ಯನನ್ನು ರಾಮಾಯಣದ ಭರತನಿಗೆ ಹೋಲಿಸುತ್ತವೆ. ಭೂಮಿಯನ್ನು ಅಣ್ಣನ ಪತ್ನಿಯೆಂದು ತಿಳಿದು ಅವನು ಅದನ್ನು ಅನುಭವಿಸದೆ ದೂರವುಳಿದನೆಂಬುದು ಅವುಗಳ ಆಶಯ. ಪಾದುಕೆಗಳನ್ನು ಗದ್ದುಗೆಯ ಮೇಲಿಟ್ಟು ಕಾದ ಭರತನ ಆದರ್ಶವು ಕೇವಲ ಪುರಾಣದಲ್ಲಿ ಉಳಿಯದೆ, ನಂದಗಿರಿಯ ಅರಸುಮನೆಯಲ್ಲಿ ಒಬ್ಬ ತಮ್ಮನ ಹೊಗಳಿಕೆಗೆ ಅಳತೆಗೋಲಾಯಿತು. ಮುಂದೆ ಗಂಗರ ರಾಜ್ಯವನ್ನು ಪುನಃ ಎತ್ತಿ ನಿಲ್ಲಿಸಿದವನು ಈ ವಿಜಯಾದಿತ್ಯನ ಮಗ ರಾಚಮಲ್ಲನೇ ಎಂಬುದು ಗಮನಾರ್ಹ.

ಆದರೆ ಅದೇ ವಂಶದಲ್ಲಿ, ಶತಮಾನವೊಂದು ಕಳೆಯುತ್ತಲೇ, ಇದಕ್ಕೆ ತದ್ವಿರುದ್ಧವಾದುದೂ ನಡೆಯಿತು. ಎರೆಯಪ್ಪನ ಮಕ್ಕಳಾದ ಮೂರನೆಯ ರಾಚಮಲ್ಲ ಮತ್ತು ಇಮ್ಮಡಿ ಬೂತುಗ ಸೋದರರು. ಬೂತುಗನು ರಾಷ್ಟ್ರಕೂಟರ ಅಳಿಯ. ಅವರ ಬೆಂಬಲ ಅವನಿಗಿತ್ತು. ಸುಮಾರು 938ರ ವೇಳೆಗೆ ಅವನು ರಾಚಮಲ್ಲನನ್ನು ಕೊಂದು ಗಂಗವಾಡಿಯನ್ನು ಪಡೆದ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು, ಅನಂತರ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಬಂದ 949–50ರ ಪ್ರಸಿದ್ಧ ವೀರಗಲ್ಲು ಹಂದಿಯೊಡನೆ ಕಾದಿ ಮಡಿದ ಕಾಳಿ ಎಂಬ ನಾಯಿಯ ಸ್ಮಾರಕ. ಅದೇ ಕಲ್ಲಿನ ಮೇಲೆ, ಬೂತುಗನು ರಾಚಮಲ್ಲನನ್ನು ಕೊಂದು ತೊಂಬತ್ತಾರುಸಾವಿರವನ್ನು ಆಳುತ್ತಿದ್ದನೆಂಬ ಮಾತೂ ಇದೆ. ಒಂದು ನಾಯಿಯ ಸ್ವಾಮಿನಿಷ್ಠೆಯನ್ನೂ ಒಬ್ಬ ಸೋದರನ ಹತ್ಯೆಯನ್ನೂ ಒಂದೇ ಶಿಲೆ ಹೊತ್ತು ನಿಂತಿರುವುದು ಚರಿತ್ರೆಯ ವಿಪರ್ಯಾಸಗಳಲ್ಲಿ ಒಂದು.

ಪವಿತ್ರ ಗ್ರಂಥದಲ್ಲಿಯೂ ಇಂಥ ಅರಮನೆಯುಂಟು, ಅದು ದಾವೀದನದು. ಅಮ್ನೋನನು ಮಲತಂಗಿ ತಾಮಾರಳನ್ನು ಕೆಡಿಸಿದಾಗ ದಾವೀದನು ಕೋಪಗೊಂಡನೇ ಹೊರತು ನ್ಯಾಯವನ್ನು ನಡೆಸಲಿಲ್ಲ. ಎರಡು ವರ್ಷ ಮೌನವಾಗಿದ್ದ ಅಬ್ಷಾಲೋಮನು ಕುರಿಯ ಉಣ್ಣೆ ಕತ್ತರಿಸುವ ಹಬ್ಬದ ದಿನ ಅಮ್ನೋನನನ್ನು ಕೊಲ್ಲಿಸಿದ. ಮುಂದೆ ತಂದೆಯ ಮೇಲೆಯೇ ದಂಗೆಯೆದ್ದು ಮಡಿದ. ಅದೋನೀಯನು ತಾನೇ ಅರಸನಾಗುವೆನೆಂದು ಹೊರಟಾಗ, ಅವನ ತಂದೆ ಅವನನ್ನು ಎಂದೂ ಗದರಿಸಿ ಕೇಳಿರಲಿಲ್ಲವೆಂದು ಗ್ರಂಥವೇ ಹೇಳುತ್ತದೆ. ಸೊಲೊಮೋನನು ಮೊದಲು ಅವನಿಗೆ ಅಭಯ ಕೊಟ್ಟರೂ ಅನಂತರ ಕೊಲ್ಲಿಸಿಬಿಟ್ಟ. ಯಕೋಬನ ಮನೆಯನ್ನು ತಂದೆಯ ಪಕ್ಷಪಾತ ಕೆಡಿಸಿದರೆ, ದಾವೀದನ ಮನೆಯನ್ನು ತಂದೆಯ ಮೌನ ಕೆಡಿಸಿತು. ಎರಡೂ ಒಂದೇ ಬೇನೆಯ ಎರಡು ರೂಪಗಳು.

ಬರೆದವರು ಯಾರು?

ಇಲ್ಲಿ ಒಂದು ಮಾತನ್ನು ವಿಚಾರಿಸಬೇಕಾಗಿದೆ. ಮನೆಯ ಜಗಳವನ್ನು ನಾವು ಯಾವಾಗಲೂ ಗೆದ್ದವನ ಬಾಯಿಂದಲೇ ಕೇಳುತ್ತೇವೆ. ಕಲ್ಯಾಣದ ಚಾಲುಕ್ಯರಲ್ಲಿ ಒಂದನೆಯ ಸೋಮೇಶ್ವರನು 1068ರಲ್ಲಿ ಕುರುವತ್ತಿಯ ಬಳಿ ತುಂಗಭದ್ರೆಯಲ್ಲಿ ಪ್ರಾಣಬಿಟ್ಟ ಮೇಲೆ ಹಿರಿಯ ಮಗ ಇಮ್ಮಡಿ ಸೋಮೇಶ್ವರನು ಪಟ್ಟಕ್ಕೆ ಬಂದ. ಎಂಟೇ ವರ್ಷಗಳಲ್ಲಿ, 1076ರಲ್ಲಿ, ತಮ್ಮನಾದ ಆರನೆಯ ವಿಕ್ರಮಾದಿತ್ಯನು ಅವನನ್ನು ಸೋಲಿಸಿ ಸೆರೆಯಲ್ಲಿಟ್ಟು ತಾನು ಅರಸನಾದ. ತನ್ನ ಹೆಸರಿನಲ್ಲಿ ಹೊಸ ಶಕೆಯನ್ನೇ ಆರಂಭಿಸಿದ. ಅವನ ಆಸ್ಥಾನಕ್ಕೆ ಕಾಶ್ಮೀರದಿಂದ ಬಂದ ಬಿಲ್ಹಣನು ‘ವಿಕ್ರಮಾಂಕದೇವಚರಿತ’ವನ್ನು ಬರೆದ. ಅದರ ಪ್ರಕಾರ ತಮ್ಮನಿಗೆ ರಾಜ್ಯದ ಆಸೆಯೇ ಇರಲಿಲ್ಲ, ಅಣ್ಣನು ದುರುಳನಾಗಿದ್ದ, ಸಾಕ್ಷಾತ್ ಶಿವನೇ ಆಜ್ಞಾಪಿಸಿದುದರಿಂದ ತಮ್ಮನು ಯುದ್ಧಕ್ಕೆ ನಿಂತ. ಸೆರೆಯಲ್ಲಿದ್ದ ಅಣ್ಣನ ಪಕ್ಷವನ್ನು ಬರೆಯಲು ಯಾವ ಕವಿಯೂ ಬರಲಿಲ್ಲ.

ಇದನ್ನು ನೆನೆದಾಗ ಆದಿಕಾಂಡದ ಹಿರಿಮೆ ತಿಳಿಯುತ್ತದೆ. ಅದನ್ನು ಬರೆದು ಕಾಪಾಡಿದವರು ಯಕೋಬನ ಸಂತತಿಯವರು. ಇಸ್ರಯೇಲ ಎಂಬುದು ಯಕೋಬನದೇ ಇನ್ನೊಂದು ಹೆಸರು. ತಮ್ಮ ಮೂಲಪುರುಷನನ್ನು ನಿರ್ದೋಷಿಯೆಂದು ಚಿತ್ರಿಸಲು ಅವರಿಗೆ ಯಾವ ಅಡ್ಡಿಯೂ ಇರಲಿಲ್ಲ. ಆದರೂ ಅವನ ವಂಚನೆಯನ್ನು ಅವರು ಮುಚ್ಚಿಡಲಿಲ್ಲ. ಮೋಸಹೋದ ಏಸಾವನು ತಂದೆಯ ಮುಂದೆ ಗೋಳಾಡಿ ಅತ್ತುದನ್ನು, ನನಗಾಗಿ ಒಂದಾದರೂ ಆಶೀರ್ವಾದ ಉಳಿದಿಲ್ಲವೇ ಎಂದು ಅಂಗಲಾಚಿದುದನ್ನು ಅವರು ಬರೆದಿಟ್ಟರು. ಸೋತವನ ಕಣ್ಣೀರನ್ನು ಗೆದ್ದವನ ಮಕ್ಕಳೇ ಬರೆದಿಟ್ಟ ಗ್ರಂಥ ಅದು. ತನ್ನ ಮನೆಯ ತಪ್ಪನ್ನು ತಾನೇ ಹೇಳಬಲ್ಲ ಮನೆಗೆ ಮಾತ್ರ ತಪ್ಪನ್ನು ತಿದ್ದಿಕೊಳ್ಳುವ ದಾರಿ ತೆರೆದಿರುತ್ತದೆ.

ಬೆಂಕಿ ಆರಿದ ಬಗೆ

ಮತ್ಸರವು ಹೇಗೆ ಆರುತ್ತದೆ? ಜೋಸೆಫನ ಕಥೆಯ ಉತ್ತರಾರ್ಧವನ್ನು ಸಾವಧಾನವಾಗಿ ಓದಿದವರಿಗೆ ಇದರ ಉತ್ತರ ದೊರೆಯುತ್ತದೆ. ಮೂವತ್ತನೆಯ ವಯಸ್ಸಿನಲ್ಲಿ ಐಗುಪ್ತದ ಅಧಿಕಾರಿಯಾದ ಜೋಸೆಫನ ಮುಂದೆ, ಬರಗಾಲದ ದಿನಗಳಲ್ಲಿ, ಅಣ್ಣಂದಿರು ಧಾನ್ಯಕ್ಕಾಗಿ ಬಂದು ಅಡ್ಡಬಿದ್ದರು. ಅವರು ಅವನನ್ನು ಗುರುತಿಸಲಿಲ್ಲ. ಅವನು ಕೂಡಲೆ ಕ್ಷಮಿಸಲಿಲ್ಲ, ಸೇಡನ್ನೂ ತೀರಿಸಲಿಲ್ಲ, ಪರೀಕ್ಷಿಸಿದ. ಎರಡನೆಯ ಸಲ ಬಂದಾಗ ಊಟಕ್ಕೆ ಕೂರಿಸಿ, ತನ್ನ ಒಡಹುಟ್ಟಿದ ಕಿರಿಯ ಬೆನ್ಯಮೀನನಿಗೆ ಮಾತ್ರ ಉಳಿದವರಿಗಿಂತ ಐದರಷ್ಟು ಬಡಿಸಿದ. ಅಂದರೆ ತಂದೆಯು ನಿಲುವಂಗಿಯಿಂದ ಮಾಡಿದ ಭೇದವನ್ನು ಅವನು ಅನ್ನದಿಂದ ಬೇಕೆಂದೇ ಮತ್ತೆ ಮಾಡಿದ. ಆದರೆ ಅಂದು ಅಣ್ಣಂದಿರು ಹುಬ್ಬು ಗಂಟಿಕ್ಕಲಿಲ್ಲ. ಅವನೊಡನೆ ಸಂತೋಷದಿಂದ ಉಂಡರು. ಬಳಿಕ ಬೆನ್ಯಮೀನನ ಚೀಲದಲ್ಲಿ ಬೆಳ್ಳಿಯ ಬಟ್ಟಲನ್ನು ಇಡಿಸಿ ಅವನನ್ನು ಕಳ್ಳನೆಂದು ಹಿಡಿಸಿದಾಗ, ಒಮ್ಮೆ ತಮ್ಮನನ್ನು ಮಾರಲು ಸಲಹೆ ಕೊಟ್ಟಿದ್ದ ಯೂದನೇ ಮುಂದೆ ಬಂದು, ಇವನ ಬದಲು ನಾನು ದಾಸನಾಗಿ ಉಳಿಯುವೆನು ಎಂದ. ಆಗ ಜೋಸೆಫನ ತಡೆ ಒಡೆಯಿತು. ಅರಮನೆಗೆಲ್ಲ ಕೇಳುವಂತೆ ಅತ್ತ.

ಇದರಲ್ಲಿ ಎರಡು ಸಂಗತಿಗಳಿವೆ. ಸೇಡು ತೀರಿಸುವ ಶಕ್ತಿಯಿದ್ದವನು ಅದನ್ನು ಕೈಬಿಟ್ಟ. ತಪ್ಪು ಮಾಡಿದವನು ಅದೇ ಸಂದರ್ಭ ಮತ್ತೆ ಒದಗಿದಾಗ ಬೇರೆ ರೀತಿ ನಡೆದುಕೊಂಡ. ಎರಡೂ ಕೂಡಿದಾಗಲೇ ಸಂಧಾನ ನಿಜವಾಯಿತು. ಮುಮ್ಮಡಿ ಗೋವಿಂದ ಮತ್ತು ಕಂಬರ ನಡುವೆಯೂ ಹೀಗೆಯೇ ಆಯಿತು. ತಮ್ಮನು ಕತ್ತಿಯನ್ನು ಕೆಳಗಿಟ್ಟ. ಅಣ್ಣನು ಮರಳಿ ಪಡೆದ ನಾಡಿನಲ್ಲಿ ಮತ್ತೆ ದಂಗೆಯೇಳಲಿಲ್ಲ.

ಸಂಧಾನವೆಂದರೆ ಯಾವಾಗಲೂ ಒಂದೇ ಸೂರಿನಡಿ ಇರುವುದಲ್ಲ ಎಂಬುದನ್ನೂ ಗ್ರಂಥವು ಹೇಳುತ್ತದೆ. ಅಬ್ರಹಾಮ ಮತ್ತು ಲೋಟರ ಗೋವಳರು ಹುಲ್ಲುಗಾವಲಿಗಾಗಿ ಜಗಳವಾಡಿದಾಗ, ಹಿರಿಯನಾದ ಅಬ್ರಹಾಮನೇ, ನೀನು ಎಡಕ್ಕೆ ಹೋದರೆ ನಾನು ಬಲಕ್ಕೆ ಹೋಗುವೆನು ಎಂದು ಆಯ್ಕೆಯನ್ನು ಕಿರಿಯನಿಗೆ ಬಿಟ್ಟ. ಏಸಾವನು ನಾನೂರು ಜನರೊಡನೆ ಎದುರುಗೊಂಡು ಓಡಿಬಂದು ತಮ್ಮನನ್ನು ತಬ್ಬಿಕೊಂಡ ಮೇಲೂ, ಇಬ್ಬರ ದನಕರುಗಳಿಗೆ ನಾಡು ಸಾಲದೆ ಬೇರೆಬೇರೆ ನೆಲೆಸಿದರು. ನಮ್ಮ ಸೀಮೆಯ ಐತಿಹ್ಯವೂ ಇದಕ್ಕೆ ದೂರವಲ್ಲ. ಪೂರ್ವದಿಂದ ಬಂಡಿಗಳಲ್ಲಿ ವಲಸೆ ಬಂದ ಸೋದರರ ಕುಟುಂಬಗಳು ದೇವನಹಳ್ಳಿಯ ಸಮೀಪದ ಆವತಿಯಲ್ಲಿ ನೆಲೆನಿಂತುವೆಂದೂ, ಕಾಲಕ್ರಮದಲ್ಲಿ ಅಲ್ಲಿಂದ ಚದುರಿ ಒಂದೊಂದು ಕವಲು ಒಂದೊಂದು ಊರನ್ನು ಬೆಳೆಸಿತೆಂದೂ ಹಿರಿಯರು ಹೇಳುತ್ತಾರೆ. 1501ರಲ್ಲಿ ದೇವನಹಳ್ಳಿಯ ಕೋಟೆಯನ್ನು ಕಟ್ಟಿದವನೆಂದು ಪ್ರಸಿದ್ಧನಾದ ಮಲ್ಲಭೈರೇಗೌಡನು ಆ ಮನೆತನದವನು. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಯಲಹಂಕಗಳ ಪಾಳೆಯಗಾರರ ಮೂಲವನ್ನೂ ಆವತಿಗೇ ಸೇರಿಸಿ ಹೇಳುವುದುಂಟು. ಒಂದೇ ಒಲೆಯ ಸುತ್ತ ಉಳಿದಿದ್ದರೆ ಕಚ್ಚಾಡಬಹುದಾಗಿದ್ದವರು ಬೇರೆಯಾಗಿ ಕೆರೆ ಕಟ್ಟಿಸಿದರು, ಪೇಟೆ ಕಟ್ಟಿದರು. ಮನಸ್ಸು ಒಡೆಯುವ ಮುಂಚೆ ಮನೆ ಭಾಗವಾದರೆ ಅದು ಜಾಣತನ. ಮನಸ್ಸು ಒಡೆದ ಮೇಲೆ ಭಾಗವಾದರೆ ಅದು ವ್ಯಾಜ್ಯ.

ನಮ್ಮ ಮನೆಗಳಿಗೆ ಬಂದಾಗ

ಈ ಹಳೆಯ ಕಥೆಗಳನ್ನು ಇಂದು ಏಕೆ ಹೇಳಬೇಕು ಎಂದು ಕೆಲವರು ಕೇಳಬಹುದು. ಉತ್ತರ ನಮ್ಮ ಹೊಲಗಳಲ್ಲಿದೆ. ಮಳೆಯನ್ನೇ ನಂಬಿ ರಾಗಿ ಬೆಳೆದ ಹೊಲಕ್ಕೆ ಒಂದು ಕಾಲದಲ್ಲಿ ಹೆಚ್ಚು ಬೆಲೆಯಿರಲಿಲ್ಲ. ಅಣ್ಣತಮ್ಮಂದಿರಲ್ಲಿ ಯಾರು ಉಳುತ್ತಿದ್ದರೋ ಅವರದೇ ಹೊಲವೆಂದು ಉಳಿದವರು ಸುಮ್ಮನಿದ್ದರು. ಬೆಂಗಳೂರು ನಗರವು ಬೆಳೆಯುತ್ತ ಬಂದು, ದೊಡ್ಡಬಳ್ಳಾಪುರದ ಸುತ್ತ ಕಾರ್ಖಾನೆಗಳೆದ್ದು, 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವೂ ಆರಂಭವಾದ ಮೇಲೆ ಈ ಸೀಮೆಯ ಮಣ್ಣಿನ ಬೆಲೆ ಏರಿತು. ಅದರೊಡನೆ ಮರೆತುಹೋಗಿದ್ದ ಪಾಲುಪಟ್ಟಿಗಳು ಪೆಟ್ಟಿಗೆಯಿಂದ ಹೊರಬಂದುವು. ಮೂವತ್ತು ವರ್ಷ ಒಂದೇ ಬಾವಿಯ ನೀರು ಕುಡಿದವರು ನ್ಯಾಯಾಲಯದ ಜಗಲಿಯ ಮೇಲೆ ಬೆನ್ನು ತಿರುಗಿಸಿ ಕುಳಿತುದನ್ನು ನಾವು ಕಂಡಿದ್ದೇವೆ. ಅಂಥವರು ಭಾನುವಾರ ಒಂದೇ ದೇವಾಲಯದಲ್ಲಿ ಬೇರೆಬೇರೆ ಸಾಲುಗಳಲ್ಲಿ ನಿಂತು, ಶಾಂತಿಯನ್ನು ಹಂಚಿಕೊಳ್ಳುವ ಹೊತ್ತಿನಲ್ಲಿ ಅತ್ತಿತ್ತ ನೋಡುವುದನ್ನೂ ಕಂಡಿದ್ದೇವೆ.

ಹೆಣ್ಣುಮಕ್ಕಳ ಮಾತನ್ನೂ ಇಲ್ಲಿ ಮರೆಯಲಾಗದು. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ, ಉಯಿಲು ಬರೆಯದೆ ತೀರಿಕೊಂಡ ತಂದೆಯ ಆಸ್ತಿಯಲ್ಲಿ ಮಗನಿಗೂ ಮಗಳಿಗೂ ಸಮಪಾಲು. ಹಿಂದೂ ಅವಿಭಕ್ತ ಕುಟುಂಬಗಳಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದ ಹಕ್ಕು ಕರ್ನಾಟಕದಲ್ಲಿ 1994ರಲ್ಲಿಯೂ, ದೇಶಕ್ಕೆಲ್ಲ 2005ರಲ್ಲಿಯೂ ಬಂದಿತು. ಆದರೂ ಮದುವೆಯಾಗಿ ಹೋದ ತಂಗಿ ತನ್ನ ಪಾಲನ್ನು ಕೇಳಿದರೆ ಅವಳನ್ನು ಮತ್ಸರಿಯೆಂದು ಕರೆಯುವ ಅಣ್ಣಂದಿರಿದ್ದಾರೆ. ಗಂಡುಮಕ್ಕಳಿಲ್ಲದೆ ತೀರಿಕೊಂಡ ಒಬ್ಬನ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು ತಂದೆಯ ಭೂಮಿಯನ್ನು ಕೇಳಿದಾಗ, ಅವರು ಹೇಳುವುದು ನ್ಯಾಯವಾಗಿದೆ ಎಂದು ದೇವರೇ ತೀರ್ಪಿತ್ತುದು ಸಂಖ್ಯಾಕಾಂಡದಲ್ಲಿದೆ. ನ್ಯಾಯವಾದುದನ್ನು ಕೇಳುವುದು ಮತ್ಸರವಲ್ಲ. ಕೇಳಿದವರಿಗೆ ಕೊಡದಿರಲು ಹೂಡುವ ಹೂಟವೇ ಮತ್ಸರ.

ಆದುದರಿಂದ ನಮ್ಮ ವಿನಂತಿ ಮೊದಲು ಹೆತ್ತವರಿಗೆ. ಕೈಯಲ್ಲಿ ತ್ರಾಣವಿರುವಾಗಲೇ, ಎಲ್ಲ ಮಕ್ಕಳನ್ನೂ ಎದುರಿಗೆ ಕೂರಿಸಿಕೊಂಡು, ಯಾರಿಗೂ ಗುಟ್ಟಾಗಿ ಏನನ್ನೂ ಕೊಡದೆ, ಪಾಲನ್ನು ಹೇಳಿರಿ. ಓದಿಸಿದ ಮಗನಿಗೆ ಓದಿನ ಖರ್ಚು, ಊರಿನಲ್ಲಿ ಉಳಿದು ನಿಮ್ಮನ್ನು ನೋಡಿಕೊಂಡ ಮಗನಿಗೆ ಅವನ ಬೆವರು, ಮಗಳಿಗೆ ಅವಳ ಹಕ್ಕು ಇವೆಲ್ಲವೂ ಬಾಯಿಬಿಟ್ಟು ಮಾತಾಗಲಿ. ಇಸಾಕನಂತೆ ಕಣ್ಣು ಮಂಜಾಗುವವರೆಗೆ ಕಾಯಬೇಡಿರಿ, ದಾವೀದನಂತೆ ಸುಮ್ಮನಿರಬೇಡಿರಿ. ಬಳಿಕ ಮಕ್ಕಳಿಗೆ. ಬಲಿಪೀಠದ ಮುಂದೆ ಕಾಣಿಕೆಯನ್ನು ತಂದಾಗ ಸೋದರನಿಗೆ ನಿನ್ನ ಮೇಲೆ ಮನಸ್ತಾಪವಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಅವನೊಡನೆ ಸಮಾಧಾನವಾಗು ಎಂದು ಪ್ರಭುಗಳು ಹೇಳಿದುದನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ನಿನಗೆ ಅವನ ಮೇಲೆ ಮನಸ್ತಾಪವಿದ್ದರೆ ಎಂದು ಅವರು ಹೇಳಲಿಲ್ಲ. ಅವನಿಗೆ ನಿನ್ನ ಮೇಲಿದ್ದರೆ ಎಂದರು. ಮೊದಲ ಹೆಜ್ಜೆಯನ್ನು ನೆನಪಾದವನೇ ಇಡಬೇಕು.

ಕೊನೆಯದಾಗಿ ಆದಿಕಾಂಡದ ಎರಡು ಚಿಕ್ಕ ವಾಕ್ಯಗಳನ್ನು ಸ್ಮರಿಸಿ ಈ ಲೇಖನವನ್ನು ಮುಗಿಸುತ್ತೇವೆ. ಅಬ್ರಹಾಮನು ತೀರಿಕೊಂಡಾಗ ಅವನನ್ನು ಮಕ್ಪೇಲದ ಗವಿಯಲ್ಲಿ ಸಮಾಧಿ ಮಾಡಿದವರು ಇಸಾಕ ಮತ್ತು ಇಷ್ಮಾಯೇಲ. ಮನೆಯಿಂದ ಹೊರದೂಡಲ್ಪಟ್ಟವನು ತಂದೆಯ ಹೆಣಕ್ಕೆ ಹೆಗಲು ಕೊಡಲು ಬಂದಿದ್ದ. ಇಸಾಕನು ತೀರಿಕೊಂಡಾಗ ಅವನನ್ನು ಸಮಾಧಿ ಮಾಡಿದವರು ಏಸಾವ ಮತ್ತು ಯಕೋಬ. ಎರಡು ತಲೆಮಾರಿನ ದಾಯಾದಿಗಳೂ ತಂದೆಯ ಸಮಾಧಿಯ ಬಳಿ ಒಂದಾಗಿ ನಿಂತಿದ್ದರು. ನಮ್ಮ ಸಮಾಧಿಭೂಮಿಯಲ್ಲಿಯೂ ನೂರು ವರ್ಷಗಳಿಂದ ಎಷ್ಟೋ ತಂದೆಯರು, ಎಷ್ಟೋ ತಾಯಂದಿರು ಮಲಗಿದ್ದಾರೆ. ಅವರನ್ನು ಹೂಳುವ ದಿನ ಅಣ್ಣತಮ್ಮಂದಿರು ಹೇಗೂ ಒಟ್ಟಿಗೆ ನಿಲ್ಲುತ್ತಾರೆ, ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ಆ ಹಿಡಿ ಮಣ್ಣಿಗಾಗಿ ಕಾಯದೆ, ಅವರು ಜೀವದಿಂದಿರುವಾಗಲೇ ಅವರ ಅಂಗಳದಲ್ಲಿ ಒಟ್ಟಿಗೆ ಕುಳಿತು ಒಂದು ಹೊತ್ತು ಮುದ್ದೆ ಉಂಡರೆ, ಈ ಶತಮಾನೋತ್ಸವಕ್ಕೆ ಅದಕ್ಕಿಂತ ದೊಡ್ಡ ಕಾಣಿಕೆ ಬೇರೊಂದಿಲ್ಲವೆಂದು ನಾವು ನಂಬಿದ್ದೇವೆ.